ನಲವತ್ತೈದು ನಿಮಿಷ ಖಾಲಿ

ಇಸವಿ ೨೧೫೧. ಉಳಿಕೆ ದಿನ. ತಿಂಗಳು ಇಲ್ಲ, ವಾರ ಇಲ್ಲ.
ಹಳೆ ಮಂಡಕ್ಕಿ ಭಟ್ಟಿ ಓಣಿ, ದಾವಣಗೆರೆ.

ನೂರಿಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ಕೊಟ್ರಮ್ಮ ಬರೆದುಕೊಳ್ಳುವುದು.

ಮೊದಲು ಖರ್ಚು ಹೇಳಿಬಿಡುತ್ತೇನೆ, ಕತೆ ಆಮೇಲೆ. ಇಡೀ ವ್ಯವಹಾರಕ್ಕೆ ತಗುಲಿದ್ದು ಇಷ್ಟು: ಒಬ್ಬಳು ಅಕ್ಕ. ಒಂದು ಬಾಗಿಲ ಚಿಲಕ. ಎರಡು ಸಾವಿರದ ನೂರಾ ಎಂಬತ್ತನಾಲ್ಕು ಸುಳ್ಳು. ಕನ್ನಡದ ಒಂದು ಪದ. ಕೊನೆಗೆ ಒಂದು ಮಧ್ಯಾಹ್ನ, ಬಿಸಿ ಕಾಫಿ ಆರುವಷ್ಟರಲ್ಲಿ, ನನ್ನ ಬಾಯಿಂದ ಬಿದ್ದ ಎರಡು ಶಬ್ದ. ದುಡ್ಡು ಒಂದು ಪೈಸೆಯೂ ಹೋಗಲಿಲ್ಲ. ಹೋಗಿದ್ದರೆ ಎಷ್ಟು ಎಂದು ಬರೆದು ಕೆಳಗೆ ಗೆರೆ ಎಳೆದು ಮಲಗುತ್ತಿದ್ದೆ.

ತಾರೀಖು ನೋಡಿ ಇವಳ್ಯಾವ ಹುಚ್ಚಿ ಎನ್ನಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ. ಗುಣಿಸಿ ನೋಡಿ, ಮುನ್ನೂರ ಅರವತ್ತನಾಲ್ಕಾಗುತ್ತದೆ. ಮಿಕ್ಕ ಒಂದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಅದಕ್ಕೆ ಉಳಿಕೆ ದಿನ ಎಂದು ಹೆಸರಿಟ್ಟು ಹಿರಿಯರ ಹಬ್ಬಕ್ಕೆ ಬಿಟ್ಟುಕೊಟ್ಟಿದ್ದಾರೆ. ಈ ದಿನ ಸತ್ತವರಿಗೆ ಎಡೆ ಇಡಬಹುದು, ಸತ್ತವರಿಗೆ ಕಾಗದವನ್ನೂ ಬರೆಯಬಹುದು. ಬದುಕಿದವರಿಗೆ ಬರೆದದ್ದನ್ನು ಮೇಲಿನವರು ಓದುತ್ತಾರೆ, ಸತ್ತವರಿಗೆ ಬರೆದದ್ದನ್ನು ಓದುವುದಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ಗಟ್ಟಿಮುಟ್ಟಾಗಿ ಬದುಕಿರುತ್ತೀರಿ ಎನ್ನುವುದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಷ್ಟೂ ಸಂದು ಹುಡುಕದಿದ್ದರೆ ನಾನು ವ್ಯಾಪಾರಸ್ಥೆ ಹೇಗಾದೇನು? ನನ್ನ ಮಾತು ನಿಮಗೆ ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಜೋಪಾನ, ಖಾಲಿ, ಆಸರೆ, ಎಲ್ಲ ನಿಮ್ಮವೇ ಪದಗಳು. ನಿಮ್ಮಿಂದ ನಮ್ಮ ಕೈಗೆ ಬರುವಷ್ಟರಲ್ಲಿ ಒಳಗಿನ ಹೂರಣ ಬದಲಾಗಿದೆ.

ಜೋಪಾನ ಎಂದರೆ ನಮ್ಮನ್ನು ನೋಡಿಕೊಳ್ಳುವ ಏರ್ಪಾಡು. ನೋಡಿಕೊಳ್ಳುವುದು, ನೋಡುವುದು ಎರಡಕ್ಕೂ ನಮ್ಮಲ್ಲಿ ಈಗ ವ್ಯತ್ಯಾಸವಿಲ್ಲ. ಮಣಿಕಟ್ಟಿನಲ್ಲಿ ಒಂದು ಪಟ್ಟಿ, ಗೋಡೆಗಳಲ್ಲಿ ಸಾಸಿವೆ ಗಾತ್ರದ ಕಣ್ಣು. ಶುರುವಾದದ್ದು ಮುದುಕರಿಂದಲೇ ಅಂತೆ, ಅದೂ ನಿಮ್ಮ ಕಾಲದಲ್ಲೇ. ಬಚ್ಚಲಲ್ಲಿ ಜಾರಿ ಬಿದ್ದರೆ ಮಕ್ಕಳಿಗೆ ತಿಳಿಯಲಿ ಎಂದು ಕೈಗೆ ಕಟ್ಟಿದಿರಿ. ಒಳ್ಳೆಯದೇ ಮಾಡಿದಿರಿ, ಎಷ್ಟೋ ಸೊಂಟ ಉಳಿದಿರಬೇಕು. ಆಮೇಲೆ ಬೀಳದವರಿಗೂ ಕಟ್ಟಿದರು, ಆಮೇಲೆ ಹುಟ್ಟಿದವರಿಗೆಲ್ಲ. ಈಗಿನ ಹುಡುಗರಿಗೆ ಅದು ಭಾರವೇ ಅಲ್ಲ. ನಮ್ಮ ಅಕ್ಕನ ಮಗಳು ಚಂಪಾಳ ಮನೆಯಲ್ಲಿ ಬಚ್ಚಲಿಗೂ ಬಾಗಿಲಿಲ್ಲ. ಬಾಗಿಲು ಹಾಕಿಕೊಳ್ಳುವವರನ್ನು ಕಂಡರೆ ಅವರಿಗೆ, ಪಂಕ್ತಿಯಲ್ಲಿ ಕೂತು ಎಲೆಗೆ ಕೈ ಅಡ್ಡ ಹಿಡಿದು ಉಣ್ಣುವವರನ್ನು ಕಂಡಂತೆ ಮುಜುಗರ. ನಾಚಿಕೆ ಎಂಬುದು ಊರಲ್ಲಿ ಇದೆ, ಮೊದಲಿನಷ್ಟೇ ಇದೆ. ಮೈ ಬಿಟ್ಟು ಬಾಗಿಲಿಗೆ ಬಂದು ಕೂತಿದೆ, ಅಷ್ಟೆ.

ಅರವತ್ತೈದು ದಾಟಿದವರಿಗೆ ಒಂದು ಕಾನೂನು ಹೆಚ್ಚು. ದಿನದ ಪ್ರತಿ ಹೊತ್ತಿಗೂ ಜೋಪಾನ ಒಂದು ಕಾರಣ ಬರೆದುಕೊಳ್ಳುತ್ತದೆ: ಊಟ, ನಿದ್ದೆ, ನಡಿಗೆ, ಪೂಜೆ, ಜಗಳ. ಕಾರಣ ಸಿಗದ ಹೊತ್ತನ್ನು ಖಾಲಿ ಎನ್ನುತ್ತದೆ. ತಿಂಗಳಿಗೆ ಇಪ್ಪತ್ತು ಗಂಟೆಯವರೆಗೆ ಖಾಲಿ ಇದ್ದರೆ ಮಾಫಿ. ಅದರ ಮೇಲೆ ಹೋದರೆ ಮರೆವಿನ ರೋಗ ಶುರುವಾಗಿದೆಯೆಂದು ಲೆಕ್ಕ. ಕರೆದುಕೊಂಡು ಹೋಗಿ ಆಸರೆಯಲ್ಲಿ ಇಡುತ್ತಾರೆ. ಆಸರೆ ಎಂದರೆ ಮುದುಕರ ದೊಡ್ಡ ಮನೆ. ಸ್ವಚ್ಛ, ಊಟ ಚೆನ್ನ, ಒಳಗೆ ಕಂಬಗಳಿವೆ, ಅಡ್ಡಗೋಡೆಗಳಿಲ್ಲ. ಹೋದವರು ತಿರುಗಿ ಬಂದದ್ದು ನಾನು ನೋಡಿಲ್ಲ.

ಈ ಕಾನೂನಿಗೆ ನಮ್ಮ ಊರು ಮೊದಲ ಎರಡೇ ವರ್ಷದಲ್ಲಿ ಬಲಿ ಬಿತ್ತು. ಕಾರಣ ನಮ್ಮ ಬಾಯಿ. ನೀವೇ ಯೋಚಿಸಿ. ಯಾಕ್ರೀ ಇಲ್ಲಿ ನಿಂತೀರಿ? ಸುಮ್ನೆ. ಎಲ್ಲಿಗೆ ಹೊರಟ್ರಿ? ಹಿಂಗೇ ಸುಮ್ನೆ. ಯಾಕೆ ನಕ್ಕಿ? ಸುಮ್ನೆ. ಮನೆಗೆ ಬಂದವರು ಸಾಲ ಕೇಳಲು ಬಂದಿದ್ದರೂ ಮೊದಲು ಹೇಳುವುದು ‘ಸುಮ್ನೆ ಬಂದೆ’ ಎಂದೇ; ಬಂದ ಕೂಡಲೇ ಕೆಲಸ ಹೇಳುವುದು ಮರ್ಯಾದೆಯಲ್ಲ. ಜೋಪಾನಕ್ಕೆ ಈ ಪದದ ಎರಡು ಅರ್ಥ ಕಲಿಸಿದ್ದರು, ಸದ್ದಿಲ್ಲದೆ ಎಂದೊಂದು, ಕಾರಣವಿಲ್ಲದೆ ಎಂದೊಂದು. ಮಾತಾಡುತ್ತಿದ್ದಾಳೆ, ಹಾಗಾದರೆ ಸದ್ದಿದೆ, ಉಳಿದದ್ದು ಕಾರಣವಿಲ್ಲ, ಕಾರಣವಿಲ್ಲದೆ ನಿಂತವಳಿಗೆ ಮರೆವು. ರೋಗಲಕ್ಷಣಗಳ ಪಟ್ಟಿಯಲ್ಲಿ ‘ಸುಮ್ಮನೆ’ ಒಂಬತ್ತನೆಯದಾಗಿ ಸೇರಿಬಿಟ್ಟಿತು. ಈಗ ಶಾಲೆಯ ಪದಕೋಶದಲ್ಲಿ ಅದು ವೈದ್ಯಕೀಯ ಪದ.

ನನ್ನ ಅನ್ನ ಹುಟ್ಟಿದ್ದು ಅಲ್ಲೇ. ಆಗ ನಾನು ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ಮಾರುತ್ತಿದ್ದೆ. ಸಿದ್ದಲಿಂಗಪ್ಪ ಎಂಬ ಅಜ್ಜ ದಿನಾ ಬಂದು, ಮುಚ್ಚಿದ ಒಂದು ಸಿನಿಮಾ ಟಾಕೀಸಿನ ಗೋಡೆಗೆ ಮುಖ ಮಾಡಿ ಅರ್ಧ ಗಂಟೆ ನಿಲ್ಲುತ್ತಿದ್ದ. ಅವನಿಗೆ ನೋಟಿಸು ಬಂತು. ಯಾಕಜ್ಜಾ ನಿಲ್ತಿ ಎಂದರೆ ಅದೇ ಹಾಡು. ನಾನು ಅವನ ಕೈಯ ಪಟ್ಟಿಯನ್ನು ಬಾಯಿ ಹತ್ತಿರ ಎಳೆದುಕೊಂಡು ‘ವೈದ್ಯರ ಸಲಹೆಯಂತೆ ಮೀನಖಂಡದ ರಕ್ತಸಂಚಾರಕ್ಕಾಗಿ ನಿಲ್ಲುವಿಕೆ’ ಎಂದು ಹೇಳಿದೆ. ಜೋಪಾನ ಒಪ್ಪಿತು. ಮಾರನೆಯ ದಿನ ಆರು ಮುದುಕರು, ವಾರದಲ್ಲಿ ನಲವತ್ತು. ಕಚೇರಿ ಮುಂದೆ ಪತ್ರ ಬರೆಯುವವರು ಇರುತ್ತಿದ್ದರಲ್ಲ ನಿಮ್ಮಲ್ಲಿ, ಹಾಗೆ ನಾನು ಕಾರಣಗಾರ್ತಿಯಾದೆ. ಮೇಲಿನವರಿಗೂ ಅನುಕೂಲವೇ ಆಯಿತು, ಪರವಾನಗಿ ಕೊಟ್ಟರು. ಅವರಿಗೆ ಬೇಕಿದ್ದದ್ದು ಕಾರಣ. ನಿಜವೋ ಸುಳ್ಳೋ ಎಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ನಿಂತ ಬಸ್ಸಿನಲ್ಲಿ ಕೂತು ಎದ್ದು ಬರುವ ಮುದುಕಿಗೆ ‘ಪ್ರಯಾಣದ ಅಭ್ಯಾಸ’. ಗಂಡನ ಮೇಲೆ ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂರುವವಳಿಗೆ ‘ಗಾಳಿ ಸೇವನೆ’. ನನ್ನ ಪುಸ್ತಕದಲ್ಲಿ ಇನ್ನೂರ ನಲವತ್ತು ಕಾರಣಗಳಾದವು. ಊರಿನ ಒಬ್ಬೊಬ್ಬ ಮುದುಕನ ಒಂದೊಂದು ಖಾಲಿಗೂ ಬಿರಡೆ ಹಾಕಿದವಳು ನಾನು ಎಂದು ಮೀಸೆ ಇಲ್ಲದಿದ್ದರೂ ತಿರುವುತ್ತಿದ್ದೆ.

ಈಗ ಅಕ್ಕನ ವಿಷಯ. ಹಾಲಮ್ಮ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಸತ್ತ ಮೇಲೆ ಭಟ್ಟಿಯಲ್ಲಿ ಬಿಸಿ ಮರಳಿಗೆ ಅಕ್ಕಿ ಸುರಿದು ಮಂಡಕ್ಕಿ ಹುರಿದು ನನ್ನನ್ನು ಸಾಕಿದಳು. ಅವಳ ಎಡ ಮುಂಗೈಯಲ್ಲಿ ರೋಮ ಕೊನೆಗೂ ಬರಲಿಲ್ಲ. ಗಂಡ ಹೋದ ಮೇಲೆ, ಮಗಳ ಬಾಗಿಲಿಲ್ಲದ ಮನೆ ಬೇಡವೆಂದು ನನ್ನ ಹತ್ತಿರ ಬಂದಳು. ಗಡಿಯಾರದಂಥ ಹೆಂಗಸು, ಇಡೀ ದಿನದಲ್ಲಿ ಅವಳದ್ದು ಒಂದು ನಿಮಿಷ ಖಾಲಿ ಹುಡುಕಿದರೂ ಸಿಗದು. ಮಧ್ಯಾಹ್ನದ ಊಟವಾದ ಮೇಲಿನ ನಲವತ್ತೈದು ನಿಮಿಷ ಬಿಟ್ಟು. ಆಗ ಹಿತ್ತಲ ಕಡೆಯ ಉಗ್ರಾಣಕ್ಕೆ ಹೋಗುವಳು. ಅದು ಹಳೆಯ ಕಲ್ಲಿನ ಕೋಣೆ, ಗೋಡೆಗೆ ಕಣ್ಣು ಕೂರಿಸಲಾಗಿರಲಿಲ್ಲ. ಪಟ್ಟಿ ಬಿಚ್ಚಿ ಹೊರಗಿನ ಮೊಳೆಗೆ ನೇತುಹಾಕಿ ಒಳಗಿಂದ ಚಿಲಕ ಹಾಕಿಕೊಳ್ಳುವಳು. ಗೊರಕೆ ಕೇಳುತ್ತಿರಲಿಲ್ಲ. ಅಳು ಕೇಳುತ್ತಿರಲಿಲ್ಲ. ಹೊರಗೆ ಬಂದು ಮುಖ ತೊಳೆದು ಕಾಫಿಗೆ ಇಡುವಳು.

ಇಪ್ಪತ್ತೆಂಟು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಇಪ್ಪತ್ತೊಂದು ಗಂಟೆ. ಮಾಫಿಗಿಂತ ಒಂದೇ ಗಂಟೆ ಹೆಚ್ಚು. ಬುದ್ಧಿ ಇದ್ದವಳು ತಿಂಗಳಿಗೆ ಎರಡು ದಿನಕ್ಕೆ ಒಂದೊಂದು ಕಾರಣ ಬರೆದು ಉಳಿದದ್ದನ್ನು ಹಾಗೇ ಬಿಡುತ್ತಿದ್ದಳು. ನನಗೆ ಅದು ಸಾಲಲಿಲ್ಲ. ಊರಿಗೆಲ್ಲ ಕಾರಣ ಹಂಚುವ ಕೊಟ್ರಮ್ಮನ ಮನೆಯಲ್ಲೇ ಖಾಲಿಯೇ ಎಂದು ಅವಳಿಗೆ ತಿಳಿಯದಂತೆ ದಿನವೂ ಬರೆದೆ, ಆರು ವರ್ಷ. ವಾರದಲ್ಲಿ ಮೂರು ದಿನ ಪ್ರಾರ್ಥನೆ, ನಾಲ್ಕು ದಿನ ಕಾಳು ಆರಿಸುವುದು. ನಂಬಿಕೆ ಬರಲೆಂದು ‘ತೊಗರಿಬೇಳೆ, ಒಂದು ಸೇರು’ ಎಂದು ಅಳತೆಯನ್ನೂ ನಮೂದಿಸಿದೆ. ಹಾಲಮ್ಮನ ಹೆಸರಿನ ಮುಂದೆ ತಿಂಗಳು ತಿಂಗಳೂ ಸೊನ್ನೆ ಬೀಳುವುದನ್ನು, ಜನ ಚಿನ್ನದ ತೂಕ ನೋಡುವಂತೆ ನೋಡುತ್ತಿದ್ದೆ.

ನಿಜ ಹೇಳಬೇಕೆಂದರೆ, ಇನ್ನೊಂದು ತುರಿಕೆಯೂ ಇತ್ತು. ಎಲ್ಲರ ಕಾರಣ ಗೊತ್ತಿರುವ ನನಗೆ ಅಕ್ಕನದು ಗೊತ್ತಿರಲಿಲ್ಲ. ಒಂದು ದಿನ ಅವಳು ಹೊರಬರುವ ಹೊತ್ತಿಗೆ ಬಾಗಿಲಲ್ಲೇ ನಿಂತು ಕೇಳಿದೆ.

“ಒಳಗೆ ಏನು ಮಾಡ್ತಿ ಅಕ್ಕಾ?”

“ಸುಮ್ನೆ ಕುಂತಿರ್ತೀನಿ.”

“ಅದು ಬೇರೆಯವರಿಗೆ ಹೇಳು. ನನ್ನ ಹತ್ರ ಆದ್ರೂ ಬಾಯಿ ಬಿಡೇ.”

“ನಿನಗೆ ಹೇಳಿದ್ರೆ ಅದೊಂದು ಕಾರಣ ಆಗ್ತೈತಿ. ಇನ್ನೂರ ನಲವತ್ತೊಂದು ಅಂತ ನಂಬರ್ ಹಾಕಿ ನಾಳೆ ಬಸ್ ಸ್ಟ್ಯಾಂಡಲ್ಲಿ ಮಾರ್ತಿ. ಸರಿ ಅತ್ಲಾಗೆ, ಹಾಲು ಉಕ್ಕತೈತಿ.”

ಅಷ್ಟರಲ್ಲಿ ಚಂಪಾಳೂ ಶುರು ಮಾಡಿದ್ದಳು. ಬಂದಾಗಲೆಲ್ಲ ಉಗ್ರಾಣದ ಕಡೆ ನೋಡಿ, “ಚಿಕ್ಕಮ್ಮಾ, ಅವ್ವ ಅದರೊಳಗೆ ಸತ್ತು ಬಿದ್ದರೆ ಯಾರಿಗೆ ಗೊತ್ತಾಗ್ತೈತಿ? ನಮ್ಮ ಅತ್ತೆ ಮನೆಯವರು ಕೇಳ್ತಾರೆ, ನಿಮ್ಮವ್ವ ಬಾಗಿಲು ಹಾಕ್ಕೊಂತಾಳಂತೆ ಅಂತ. ನನಗೆ ತಲೆ ಎತ್ತೋಕಾಗಲ್ಲ” ಎನ್ನುವಳು. ಅವಳ ಕಣ್ಣಲ್ಲಿ ನೀರಿತ್ತು. ಪ್ರೀತಿಯದ್ದೇ ನೀರು. ಆ ಹುಡುಗಿಯನ್ನು ನಾನು ಬೈಯಲಾರೆ. ಯಾರೂ ನೋಡದೆ ಇರುವುದೆಂದರೆ ಅವಳಿಗೆ ಯಾರಿಗೂ ಬೇಡವಾಗಿ ಇರುವುದು ಎಂದೇ ಅರ್ಥ. ಅವಳೇ ದೂರು ಕೊಟ್ಟಳು. ದೂರು ಎಂದು ಈಗ ಅನ್ನುವುದಿಲ್ಲ, ‘ಕಾಳಜಿ’ ಎನ್ನುತ್ತಾರೆ.

ಕಾಳಜಿ ಕೊಟ್ಟ ಹನ್ನೆರಡನೆಯ ದಿನಕ್ಕೆ ಪರೀಕ್ಷಕಿ ಬಂದಳು. ವಿಶಾಲಾಕ್ಷಿ ಎಂದು ಹೆಸರು, ಐವತ್ತರ ಆಸುಪಾಸು, ಹರಿಹರದ ಕಡೆಯವಳು, ಮೃದು ಮಾತು. ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ಕಾಫಿ ಬೇಡವೆನ್ನದೆ ತೆಗೆದುಕೊಂಡಳು. ಕೆಟ್ಟವಳಾಗಿದ್ದರೆ ನಾನು ಗೆಲ್ಲುತ್ತಿದ್ದೆ. ಕೆಟ್ಟವರ ಜೊತೆ ಚೌಕಾಸಿ ಮಾಡಿಯೇ ನಾನು ಬೆಳೆದದ್ದು. ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ವಿಶಾಲಾಕ್ಷಿ ನನ್ನ ಆರು ವರ್ಷದ ಬರಹವನ್ನು ಮುಂದೆ ಹರಡಿಕೊಂಡು, ಒಂದು ಕಡೆ ಬೆರಳಿಟ್ಟು ನಕ್ಕಳು.

“ಕೊಟ್ರಮ್ಮನೋರೇ, ನೀವು ಲೆಕ್ಕದಲ್ಲಿ ಗಟ್ಟಿ ಅಂತ ಕೇಳಿದ್ದೆ. ಇಲ್ಲಿ ಸಾವಿರದ ಇನ್ನೂರ ನಲವತ್ತೆಂಟು ಸೇರು ತೊಗರಿಬೇಳೆ ಐತಿ. ಇಬ್ಬರೇ ಇರೋದು. ಅಷ್ಟೂ ತಿಂದ್ರಾ?”

ಅಕ್ಕ ನನ್ನ ಕಡೆ ತಿರುಗಿದಳು. ಅವಳ ನಲವತ್ತೈದು ನಿಮಿಷಕ್ಕೆ ನಾನು ಕಾರಣ ಬರೆಯುತ್ತಿದ್ದೆ ಎನ್ನುವುದು ಅವಳಿಗೆ ತಿಳಿದದ್ದೇ ಆ ಕ್ಷಣ. “ಬೇಳೆನಾ?” ಎಂದಳು. “ಆರು ವರ್ಷ ನಾನು ಬೇಳೆ ಆರಿಸಿದೆನೇನೇ?”

ವಿಶಾಲಾಕ್ಷಿ ಕಡತ ಮುಚ್ಚಿದಳು. ನನ್ನನ್ನು ಬಿಟ್ಟು ಅಕ್ಕನ ಹತ್ತಿರ ಜರುಗಿ ಕೂತಳು. “ಅಮ್ಮಾ, ಇದೆಲ್ಲ ಇರಲಿ. ಒಳಗೆ ಏನು ಮಾಡ್ತೀರಿ ಅಂತ ನೀವೇ ಒಂದು ಮಾತು ಹೇಳಿಬಿಡಿ. ಏನಾದ್ರೂ ಹೇಳಿ. ಸೊಂಟ ನೋವು ಅನ್ನಿ, ಮಲಗ್ತೀನಿ ಅನ್ನಿ. ಬರ್ಕೊಂಡು ಹೋಗ್ತೀನಿ.”

“ಏನೂ ಮಾಡಲ್ಲವ್ವಾ. ಸುಮ್ನೆ.”

“ಅದೊಂದು ಬಿಟ್ಟು ಬೇರೆ ಏನಾದ್ರೂ.”

“ಬೇರೆ ಏನೂ ಇಲ್ಲಲ್ಲ, ಇದ್ದರೆ ಹೇಳ್ತಿರ್ಲಿಲ್ವಾ.”

ಆಗ ವಿಶಾಲಾಕ್ಷಿ ನನ್ನ ಕಡೆ ನೋಡಿದಳು. ಸಾಕ್ಷಿಯಾಗಿ ನಾನು ಹೇಳಬಹುದಿತ್ತು. ಕಾನೂನು ಎರಡೇ ದಾರಿ ಬಿಟ್ಟಿತ್ತು, ಎರಡೂ ನನಗೆ ಬಾಯಿಪಾಠ. ಅಕ್ಕನ ಬುದ್ಧಿ ನೆಟ್ಟಗಿದೆ ಎಂದರೆ ಎರಡು ಸಾವಿರದ ನೂರಾ ಎಂಬತ್ತನಾಲ್ಕು ಸುಳ್ಳೂ ನನ್ನ ತಲೆಗೆ. ಪರವಾನಗಿ ಹೋಗುತ್ತದೆ, ಒಳಗೆ ಹಾಕುತ್ತಾರೆ, ಅಕ್ಕ ಮನೆಯಲ್ಲೇ ಉಳಿಯುತ್ತಾಳೆ, ತಿಂಗಳಿಗೆ ಒಂದು ಗಂಟೆ ಕಡಿಮೆ ಕೂತರೆ ಸಾಕು ಎಂದು ಎಚ್ಚರಿಸಿ ಬಿಡುತ್ತಾರೆ. ಅಕ್ಕನಿಗೆ ಮರೆವು ಎಂದರೆ ನನ್ನ ಸುಳ್ಳೆಲ್ಲ ರೋಗಿಯ ತಂಗಿ ಮಾಡಿದ ಆರೈಕೆ ಎಂದಾಗುತ್ತದೆ. ನನಗೆ ಆಗ ಅರವತ್ತಾರು ವರ್ಷ. ಆ ವಯಸ್ಸಿನಲ್ಲಿ ಒಳಗೆ ಹೋಗುವ ಧೈರ್ಯ ಇರಲಿಲ್ಲ ಎಂದು ಬರೆಯಬಹುದು, ಅದೂ ಒಂದು ಕಾರಣವೇ. ಕಾರಣ ಬರೆದು ಬರೆದು ಕೈ ಪಳಗಿದವಳನ್ನು ನಂಬಬೇಡಿ. ನಾನು ಹೇಳಿದ್ದು ಇಷ್ಟು:

“ಅಕ್ಕನಿಗೆ ಮರೆವು.”

ಹಾಲಮ್ಮ ನನ್ನನ್ನು ತುಸು ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಭಟ್ಟಿಯ ಬೆಲ್ಲ ಕದ್ದು ಬಾಯೊರೆಸಿಕೊಂಡು ನಿಂತಾಗ ಹೀಗೇ ನೋಡುತ್ತಿದ್ದಳು. ಆಮೇಲೆ ಪರೀಕ್ಷಕಿಗೆ ಹೇಳಿದಳು: “ಹೌದವ್ವಾ, ನನಗೆ ಮರೆವು. ಈಕೆ ಯಾರು ಅಂತ ಈಗಿನ ತನಕ ಗೊತ್ತಿತ್ತು ನೋಡು.”

ವಿಶಾಲಾಕ್ಷಿ ಅದನ್ನು ಹಾಗೇ ಬರೆದುಕೊಂಡಳು. ನನಗೆ ಚುಚ್ಚಲು ಆಡಿದ ಮಾತೋ, ನನ್ನನ್ನು ಉಳಿಸಲು ಆಡಿದ್ದೋ, ಇವತ್ತಿಗೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ಎರಡೂ ಇರಬಹುದು. ಅಕ್ಕ ಒಂದೇ ಒಲೆಯಲ್ಲಿ ಎರಡು ಅಡುಗೆ ಮಾಡಬಲ್ಲವಳು.

ಮೂರನೆಯ ದಿನ ಕರೆದುಕೊಂಡು ಹೋದರು. ಹೋಗುವಾಗ ಮುನ್ನೆಚ್ಚರಿಕೆ ಎಂದು ಉಗ್ರಾಣದ ಚಿಲಕವನ್ನೂ ಕಿತ್ತು, ರಸೀದಿ ಕೊಟ್ಟರು.

ವಾರಕ್ಕೊಮ್ಮೆ ನೋಡಲು ಹೋಗುತ್ತೇನೆ. ಮೊದಲ ತಿಂಗಳು ಊಟವಾದ ಮೇಲೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂರುತ್ತಿದ್ದಳು. ಅಲ್ಲಿನ ಹುಡುಗಿಯರು ಬೈಯಲಿಲ್ಲ, ಪ್ರೀತಿಯಿಂದ ಸೆರಗು ಸರಿಸಿ, ಅಜ್ಜಿ ಏನು ಯೋಚನೆ ಮಾಡ್ತಿದ್ದೀರಿ ನಮಗೂ ಹೇಳಿ ಎಂದು ಸುತ್ತ ಕೂತರು. ದಿನವೂ, ಅದೇ ಹೊತ್ತಿಗೆ. ಮೂರನೆಯ ತಿಂಗಳಿಗೆ ಅಕ್ಕ ಕಲಿತಳು. ಈಗ ಕೇಳುವ ಮೊದಲೇ ಹೇಳುತ್ತಾಳೆ. ನೀರು ಕುಡಿಯುವಾಗ “ಬಾಯಾರಿಕೆ” ಎನ್ನುತ್ತಾಳೆ. ಕಿಟಕಿಯ ಕಡೆ ತಿರುಗಿದರೆ “ಬೆಳಕಿಗೆ.” ಕಳೆದ ವಾರ ನಾನು ಎದುರು ಹೋಗಿ ನಿಂತಾಗ ನಕ್ಕು, “ಭೇಟಿ, ಸಂಬಂಧಿಕರು” ಎಂದಳು. ನನ್ನ ಹೆಸರು ಹಿಡಿದು ಕರೆಯಲಿಲ್ಲ. ಮರೆವು ಬಂದಿದೆಯೋ, ನಟನೆಯೋ ಎಂದು ಅಲ್ಲಿನ ವೈದ್ಯರನ್ನು ಕೇಳಿದೆ. ಅವರು ಅವಳ ಹಾಳೆ ತೋರಿಸಿದರು. ಖಾಲಿ: ಸೊನ್ನೆ. ಬಹಳ ಸುಧಾರಿಸಿದ್ದಾರೆ ಎಂದರು.

ನಾನೂ ಒಂದು ಮಧ್ಯಾಹ್ನ ಉಗ್ರಾಣಕ್ಕೆ ಹೋದೆ. ಅವಳು ಏನನ್ನಾದರೂ ಅಡಗಿಸಿಟ್ಟಿರಬಹುದು, ಒಂದು ಪಟವೋ ಕಾಗದವೋ ಸಿಕ್ಕೀತು ಎಂದು ಮೂಲೆ ಮೂಲೆ ಕೆದಕಿದೆ. ಒಂದು ಮಣೆ ಇತ್ತು. ಎದುರಿಗೆ ಗೋಡೆ. ಅಷ್ಟೆ. ಪಟ್ಟಿ ಬಿಚ್ಚಿ ಮೊಳೆಗೆ ಹಾಕಿ ಮಣೆಯ ಮೇಲೆ ಕೂತೆ. ಗೋಡೆ ನೋಡಿದೆ. ಕೂತ ಸ್ವಲ್ಪ ಹೊತ್ತಿಗೆ ತಲೆಯೊಳಗೆ ತಾನೇತಾನಾಗಿ ಸಾಲುಗಳು ಹುಟ್ಟತೊಡಗಿದವು: ಉಗ್ರಾಣ ಪರಿಶೀಲನೆ, ತೇವಾಂಶ ತಪಾಸಣೆ, ಮಂಡಿಗೆ ವಿಶ್ರಾಂತಿ. ಯಾರೂ ಕೇಳುತ್ತಿರಲಿಲ್ಲ. ಆದರೂ ನಿಲ್ಲಲಿಲ್ಲ. ಎದ್ದು ಬಂದು ಪಟ್ಟಿ ಕಟ್ಟಿಕೊಂಡಾಗ ನಾಲ್ಕು ನಿಮಿಷವಾಗಿತ್ತು. ಮೊನ್ನೆ ಅರವತ್ತೇಳು ತುಂಬಿತು ನನಗೆ. ಆಸರೆಗೆ ನನ್ನನ್ನು ಯಾರೂ ಕರೆದೊಯ್ಯಬೇಕಾಗಿಲ್ಲ. ಎಲ್ಲಿ ಕೂತರೂ ನಾನು ಅಲ್ಲೇ ಇದ್ದೇನೆ. ಅಕ್ಕ ಆ ಗೋಡೆಯ ಮುಂದೆ ಏನು ಉಣ್ಣುತ್ತಿದ್ದಳೋ, ಅದಕ್ಕೆ ಬೇಕಾದ ಹಲ್ಲು ನನಗಿಲ್ಲ. ಚಂಪಾಳ ಮಕ್ಕಳಿಗೆ ಅಂಥದೊಂದು ಹಸಿವೆ ಇರುತ್ತಿತ್ತು ಎಂಬುದೂ ತಿಳಿಯದು.

ನಿಮ್ಮನ್ನು ಕೇಳಿಕೊಳ್ಳುವುದು ಒಂದಿದೆ. ಮನೆಯಲ್ಲಿ ವಯಸ್ಸಾದವರು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಪ್ರೀತಿಯಿಂದ ವಿಚಾರಿಸಬೇಡಿ. ಗದರಿಸಿ ಕೇಳಿದವರಿಗೆ ನಾವು ಉತ್ತರ ಕೊಡಲಿಲ್ಲ. ಪ್ರೀತಿಯಿಂದ ಕೇಳಿದವರಿಗೆ ಒಂದೊಂದಾಗಿ ಎಲ್ಲವನ್ನೂ ಕೊಟ್ಟೆವು. ಈ ಮಾತು ನೀವು ನಡೆಸುವುದಿಲ್ಲ ಎಂಬುದೂ ನನಗೆ ಗೊತ್ತು. ನಡೆಸಿದ್ದರೆ ಈ ಕಾಗದ ಬರೆಯುವ ಪ್ರಮೇಯವೇ ನನಗೆ ಬರುತ್ತಿರಲಿಲ್ಲ, ಮತ್ತು ನೋಡಿ, ಬರೆಯುತ್ತಿದ್ದೇನೆ. ಆದರೂ ಹೇಳಿದ್ದೇನೆ ಎಂದು ಇರಲಿ. ಸತ್ತವರಿಗೆ ಬರೆಯಲೆಂದು ಈ ದಿನ ಕೊಡುವ ಒಂದು ಗಂಟೆ ಮುಗಿಯುತ್ತ ಬಂತು.

ಯಾರಿಗೆ ಏನು ಸಿಕ್ಕಿತು ಎಂಬುದನ್ನು ಬರೆದು ಮುಗಿಸುತ್ತೇನೆ. ವಿಶಾಲಾಕ್ಷಿಗೆ ಬಡ್ತಿ, ಹುಬ್ಬಳ್ಳಿಗೆ. ಚಂಪಾಳಿಗೆ ರಾತ್ರಿ ನಿದ್ದೆ, ಅತ್ತೆ ಮನೆಯಲ್ಲಿ ಮರ್ಯಾದೆ. ಜೋಪಾನಕ್ಕೆ, ಅದರ ಬಳಿ ಇರದಿದ್ದ ನಲವತ್ತೈದು ನಿಮಿಷ. ನನಗೆ ಪರವಾನಗಿ, ಇನ್ನು ಐದು ವರ್ಷಕ್ಕೆ. ಹಾಲಮ್ಮನಿಗೆ ಕಿಟಕಿ ಪಕ್ಕದ ಮಂಚ, ಹೊತ್ತಿಗೆ ಸರಿಯಾಗಿ ಎರಡು ಸಲ ಹಾಲು.